ಮರದ ಜೆಟ್ಟಿಗೆ ಮುಂಭಾರ ಎಷ್ಟು?

ಮಕ್ಕಳೇ, ಅಂತರಘಟ್ಟೆಯ ಜಾತ್ರೆಗೆ ಹೊರಟ ಎತ್ತಿನ ಗಾಡಿಗಳನ್ನು ನೀವು ನೋಡಿರಬಹುದು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರಿಗೆ ಅದು ಹೊಸದಲ್ಲ. ಹುಡುಗರೆಲ್ಲ ಗಾಡಿಯ ಹಿಂಬದಿಗೆ ಹತ್ತಿ ಕುಳಿತರೆ ಗಾಡಿ ಹೊಡೆಯುವ ಅಜ್ಜ ಸುಮ್ಮನಿರುವುದಿಲ್ಲ. "ಏ, ಮುಂದಕ್ಕೆ ಸರಕೊಳ್ರೋ, ಹಿಂಭಾರ ಆಗೈತೆ!" ಎಂದು ಕೂಗುತ್ತಾನೆ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಏಳುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಎಲ್ಲರೂ ಮುಂದೆ ಬಂದು ಕುಳಿತರೂ ಕಷ್ಟ, ಆಗ ಭಾರವೆಲ್ಲ ಎತ್ತುಗಳ ಹೆಗಲಿನ ಮೇಲೆಯೇ ಬೀಳುತ್ತದೆ. ಅಜ್ಜನಿಗೆ ಬೇಕಾದದ್ದು ಸ್ವಲ್ಪವೇ ಸ್ವಲ್ಪ ಮುಂಭಾರ.

ಈ ಅಜ್ಜನ ಲೆಕ್ಕವೇ ವಿಮಾನದ ಲೆಕ್ಕವೂ ಹೌದು ಎಂದರೆ ನಂಬುವಿರಾ? ರೇಡಿಯೊದಿಂದ ನಡೆಸುವ ಮರದ ಜೆಟ್ ವಿಮಾನವೊಂದನ್ನು ಕಿಟ್ ತಂದು ಕಟ್ಟುವುದು ಹೇಗೆ ಎಂದು ಇಲ್ಲಿ ನೋಡೋಣ. ನೋಡುತ್ತಾ ಹೋದಂತೆ ಗಾಡಿಯ ಅಜ್ಜ ಮತ್ತೆ ಮತ್ತೆ ನೆನಪಾಗುತ್ತಾನೆ.

ಜೆಟ್ ವಿಮಾನ, ಅದೂ ಮರದ್ದೇ?

ಜೆಟ್ ಎಂದ ಕೂಡಲೇ ಮಿರಮಿರನೆ ಮಿಂಚುವ ಲೋಹ ಕಣ್ಣಿಗೆ ಬರುತ್ತದೆ. ಆದರೆ ನಮ್ಮ ವಾಯುಪಡೆಗೆ 1948ರಲ್ಲಿ ಬಂದ ಮೊದಲ ಜೆಟ್ ವಿಮಾನ 'ವ್ಯಾಂಪೈರ್'ನ ಮುಂಭಾಗದ ಒಡಲು ಮರದ್ದಾಗಿತ್ತು! ಪೈಲಟ್ ಕೂರುತ್ತಿದ್ದುದೂ ಅದರಲ್ಲೇ. ಎರಡು ತೆಳುವಾದ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಎಂಬ ಅತಿ ಹಗುರವಾದ ಮರವನ್ನಿಟ್ಟು ಅಂಟಿಸಿ, ಅಚ್ಚಿನಲ್ಲಿ ಬಾಗಿಸಿ ಅದನ್ನು ಮಾಡುತ್ತಿದ್ದರು. ಹೋಳಿಗೆಯಲ್ಲಿ ಕಣಕದ ನಡುವೆ ಹೂರಣ ಇರುತ್ತದಲ್ಲ, ಹಾಗೆ. ರೆಕ್ಕೆಗಳು ಮಾತ್ರ ಲೋಹದವು. 1950ರ ದಶಕದಲ್ಲಿ ಈ ವಿಮಾನಗಳನ್ನು ಲೈಸೆನ್ಸ್ ಪಡೆದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿಯೇ ತಯಾರಿಸಿದರು.

ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಅದೇ ಕಾರ್ಖಾನೆಯಲ್ಲಿ ಭಾರತದ ಮೊದಲ ಸ್ವದೇಶಿ ಜೆಟ್ ಯುದ್ಧ ವಿಮಾನ ಎಚ್.ಎಫ್.-24 'ಮಾರುತ' ರೂಪುಗೊಂಡಿತು. ಜರ್ಮನಿಯ ಹೆಸರಾಂತ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯ ಎಂಜಿನಿಯರುಗಳ ಜೊತೆ ಇದರ ವಿನ್ಯಾಸ ಮಾಡಿದರು. ಹಿಂದಕ್ಕೆ ಬಾಗಿದ ರೆಕ್ಕೆಯ ಇಂಥ ವಿಮಾನವನ್ನು ನಮ್ಮ ದೇಶದಲ್ಲಿ ಅದುವರೆಗೆ ಯಾರೂ ಕಟ್ಟಿರಲಿಲ್ಲ. ನೇರವಾಗಿ ಲೋಹದಲ್ಲಿ ಕಟ್ಟಿ, ಎಂಜಿನ್ ಹಾಕಿ, ಪೈಲಟ್‌ನನ್ನು ಕೂರಿಸಿ ಕಳಿಸುವುದೇ? ತೂಕ ತಪ್ಪಿದ್ದರೆ ಒಂದು ಜೀವಕ್ಕೇ ಅಪಾಯ. ಹಾಗಾಗಿ ಅವರು ಮೊದಲು ಅದೇ ಅಳತೆಯ, ಅದೇ ಆಕಾರದ ಮರದ ವಿಮಾನವೊಂದನ್ನು ಕಟ್ಟಿದರು. ಅದಕ್ಕೆ ಎಂಜಿನ್ ಇರಲಿಲ್ಲ. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದುಕೊಂಡು ಹೋಗಿ ಬಿಟ್ಟಿತು. ಮರದ ಮಾರುತ ಗಾಳಿಯಲ್ಲಿ ತೇಲುತ್ತಾ ಇಳಿಯಿತು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿಸಿ, ಪೈಲಟ್ ಕೈಗೆ ಅದು ಹೇಗೆ ಬಗ್ಗುತ್ತದೆ ಎಂದು ಪರೀಕ್ಷಿಸಿದರು. ಆಮೇಲೆ, 1961ರ ಜೂನ್ 17ರಂದು, ಲೋಹದ ಮಾರುತ ತನ್ನ ಎಂಜಿನ್ನುಗಳ ಬಲದಿಂದ ಹಾರಿತು. ಅದನ್ನು ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ.

ಮಾರುತದ ಕಥೆಯಲ್ಲಿ ಒಂದು ಬೇಸರದ ಮಾತೂ ಇದೆ. ಒಡಲು ಚೆನ್ನಾಗಿತ್ತು, ತಕ್ಕ ಎಂಜಿನ್ ಸಿಗಲಿಲ್ಲ. ಹೀಗಾಗಿ ಮಟ್ಟಸವಾಗಿ ಹಾರುವಾಗ ಶಬ್ದದ ವೇಗವನ್ನು ಮೀರಲು ಅದಕ್ಕೆ ಆಗಲಿಲ್ಲ. ಆದರೂ 147 ಮಾರುತಗಳು ತಯಾರಾದವು, 1971ರ ಯುದ್ಧದಲ್ಲಿ ಹಾರಿದವು. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಶಾಲಾ ಪ್ರವಾಸ ಹೋದರೆ ಮಾರುತವನ್ನು ಹತ್ತಿರದಿಂದ ನೋಡಬಹುದು. ರೆಕ್ಕೆ ಎಲ್ಲಿಂದ ಶುರುವಾಗುತ್ತದೆ, ಮೂಗು ಎಷ್ಟು ಉದ್ದವಿದೆ ಎಂಬುದನ್ನು ಗಮನಿಸಿ.

ಬಾಲ್ಸಾ ಮತ್ತು ಅದರ ನೆಂಟರು

ಮಾದರಿ ವಿಮಾನದ ಕಿಟ್ಟಿನ ಪೆಟ್ಟಿಗೆ ತೆರೆದರೆ ಮೊದಲು ಕೈಗೆ ಬರುವುದು ಬೆಳ್ಳಗಿನ ತೆಳು ಹಲಗೆಗಳು. ಅದೇ ಬಾಲ್ಸಾ. ಹಲಗೆ ಎತ್ತಿಕೊಂಡವರಿಗೆ ಕೈಯಲ್ಲಿ ಏನೂ ಇಲ್ಲವೇನೋ ಅನಿಸುತ್ತದೆ. ಇದು ದಕ್ಷಿಣ ಅಮೆರಿಕದ ಮರ. ಈಕ್ವೆಡಾರ್ ದೇಶದಲ್ಲಿ ಹೆಚ್ಚಾಗಿ ಬೆಳೆಯುತ್ತಾರೆ. ನಮ್ಮ ಬೂರುಗದ ಮರವೂ ಇದೂ ಒಂದೇ ಕುಟುಂಬದವು. ಬೂರುಗದ ಮರವೂ ಹಗುರ, ಆದರೆ ಬಾಲ್ಸಾದಷ್ಟಲ್ಲ.

ಎಷ್ಟು ಹಗುರ ಎಂದು ಅಳೆಯಲು ತಕ್ಕಡಿಯೂ ಬೇಡ. ಒಂದೇ ದಪ್ಪದ ಮರದ ತುಂಡನ್ನು ನೀರಿನಲ್ಲಿ ಬಿಡಿ. ಎಷ್ಟು ಭಾಗ ಮುಳುಗಿತು ಎಂದು ನೋಡಿ. ಅರ್ಧ ಮುಳುಗಿದರೆ ಅದರ ಸಾಂದ್ರತೆ ನೀರಿನ ಅರ್ಧ. ತೇಗದ ತುಂಡು ಸುಮಾರು ಮೂರರಲ್ಲಿ ಎರಡು ಭಾಗ ಮುಳುಗುತ್ತದೆ. ಬಾಲ್ಸಾ ಸುಮಾರು ಆರರಲ್ಲಿ ಒಂದು ಭಾಗ ಮಾತ್ರ! ನಿಮ್ಮೂರಿನಲ್ಲಿ ಸಿಗುವ ಸಿಲ್ವರ್ ಓಕ್, ಬೇವು, ಅಡಿಕೆ ದಬ್ಬೆ, ಒಣಗಿದ ಕತ್ತಾಳೆಯ ಹೂಗೊಂಬು, ಸಿಪ್ಪೆ ತೆಗೆದ ಜೋಳದ ದಂಟಿನ ಬೆಂಡು ಇವನ್ನೆಲ್ಲ ಹೀಗೆ ಪರೀಕ್ಷಿಸಿ ಪಟ್ಟಿ ಮಾಡಿ. ಬೆಂಡು ಬೇಗ ನೀರು ಹೀರುತ್ತದೆ, ಆದ್ದರಿಂದ ಬಿಟ್ಟ ಕೂಡಲೇ ನೋಡಿ ಗುರುತು ಹಾಕಬೇಕು.

ಜೋಳದ ದಂಟಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಆಟದ ಗಾಡಿ ಮಾಡಿದವರಿಗೆ ಮಾದರಿ ವಿಮಾನದ ಅರ್ಧ ವಿದ್ಯೆ ಬಂದಂತೆಯೇ. ಮೆತ್ತಗಿನ ಹಗುರ ವಸ್ತು ಆಕಾರ ಕೊಡುತ್ತದೆ, ಗಟ್ಟಿಯಾದ ತೆಳು ಕಡ್ಡಿ ಬಲ ಕೊಡುತ್ತದೆ. ವಿಮಾನದಲ್ಲೂ ಅಷ್ಟೇ.

ಕಟ್ಟುವ ಕೆಲಸ

ಕಿಟ್ಟಿನ ಜೊತೆ ನಿಜ ಅಳತೆಯ ನಕ್ಷೆಯೊಂದು ಬರುತ್ತದೆ. ಅದನ್ನು ಸಮತಟ್ಟಾದ ಹಲಗೆಯ ಮೇಲೆ ಹಾಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಇಲ್ಲದಿದ್ದರೆ ವಿಮಾನ ನಕ್ಷೆಗೇ ಅಂಟಿಕೊಳ್ಳುತ್ತದೆ! ನಕ್ಷೆಯ ಗೆರೆಯ ಮೇಲೆಯೇ ತುಂಡುಗಳನ್ನಿಟ್ಟು, ಗುಂಡುಸೂಜಿ ಚುಚ್ಚಿ ನಿಲ್ಲಿಸಿ, ಅಂಟು ಹಾಕುತ್ತಾರೆ. ಹಲಗೆ ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟ. ಸೊಟ್ಟ ರೆಕ್ಕೆಯ ವಿಮಾನ ಒಂದು ಕಡೆಗೇ ಉರುಳಲು ನೋಡುತ್ತದೆ. ಮಳೆಗಾಲದಲ್ಲಿ ತರೀಕೆರೆಯಂಥ ಕಡೆ ಮರ ತೇವ ಹೀರಿ ತಿರುಚಿಕೊಳ್ಳುವುದೂ ಉಂಟು, ಕಟ್ಟಿದ ರೆಕ್ಕೆಯನ್ನು ಹಲಗೆಯ ಮೇಲೆ ಅದುಮಿ ಇಟ್ಟೇ ಒಣಗಿಸಬೇಕು.

ರೆಕ್ಕೆಯ ಒಳಗಿನ ರಚನೆ ಹೆಂಚಿನ ಮನೆಯ ಮಾಡಿನಂತೆ. ಉದ್ದಕ್ಕೂ ಒಂದು ತೊಲೆ. ಅದಕ್ಕೆ ಅಡ್ಡಲಾಗಿ, ಮೀನಿನಾಕಾರದಲ್ಲಿ ಕತ್ತರಿಸಿದ ಪಕ್ಕೆಲುಬುಗಳು. ಮೇಲೆ ತೆಳು ಹೊದಿಕೆ. ಹಾರುವಾಗ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗುತ್ತವೆ. ಆಗ ತೊಲೆಯ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಸೈಕಲ್ ಟ್ಯೂಬಿನ ತುಂಡನ್ನು ಬಾಗಿಸಿ ನೋಡಿ, ಇದು ಗೊತ್ತಾಗುತ್ತದೆ. ಅದಕ್ಕೇ ತೊಲೆಗೆ ಮೇಲೊಂದು ಕಡ್ಡಿ, ಕೆಳಗೊಂದು ಕಡ್ಡಿ, ನಡುವೆ ತೆಳು ಹಲಗೆ. ಮರವನ್ನು ನಾರಿನ ಉದ್ದಕ್ಕೆ ಎಳೆದರೆ ಗಟ್ಟಿ, ಅಡ್ಡಕ್ಕೆ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಹಾಗಾಗಿ ತೊಲೆಯ ನಾರು ರೆಕ್ಕೆಯ ಉದ್ದಕ್ಕೇ ಓಡಬೇಕು. ಎರಡೂ ದಿಕ್ಕಿನಲ್ಲಿ ಬಲ ಬೇಕಾದ ಕಡೆ ಪ್ಲೈವುಡ್ ಹಾಕುತ್ತಾರೆ. ಪ್ಲೈವುಡ್ಡಿನಲ್ಲಿ ಪದರದಿಂದ ಪದರಕ್ಕೆ ನಾರಿನ ದಿಕ್ಕು ಅಡ್ಡಡ್ಡವಾಗಿರುತ್ತದೆ.

ಅಂಟಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಜಾಸ್ತಿ ಬಳಿಯುವುದು. ಅಂಟಿಗೂ ತೂಕವಿದೆ. ಬಾಲ ಕಟ್ಟುವಾಗ ಬಳಿದ ಒಂದು ಗ್ರಾಂ ಅಂಟನ್ನು ಸರಿದೂಗಿಸಲು ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಇಡಬೇಕಾದೀತು. ಯಾಕೆ ಎಂದು ಮುಂದೆ ನೋಡೋಣ.

ಒಡಲು, ರೆಕ್ಕೆ, ಬಾಲ ಸಿದ್ಧವಾದ ಮೇಲೆ ಉಪ್ಪುಕಾಗದದಿಂದ ಉಜ್ಜಿ ನಯ ಮಾಡುತ್ತಾರೆ. ಈ ಧೂಳು ಬಹಳ ಸಣ್ಣದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಕೊನೆಗೆ ಬಿಸಿಗೆ ಸೆಳೆದುಕೊಳ್ಳುವ ತೆಳು ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ ಹೊದಿಸಿದರೆ ಡೋಲಿನ ಚರ್ಮದಂತೆ ಬಿಗಿಯಾಗುತ್ತದೆ.

ಒಳಗೆ ಬೆಂಕಿಯಿಲ್ಲ

ನಿಜವಾದ ಜೆಟ್ ಎಂಜಿನ್ ಮುಂದಿನಿಂದ ಗಾಳಿಯನ್ನು ಒಳಗೆಳೆದು, ಒತ್ತಿ, ಇಂಧನ ಸೇರಿಸಿ ಉರಿಸುತ್ತದೆ. ಬಿಸಿ ಅನಿಲ ಹಿಂದಕ್ಕೆ ರಭಸದಿಂದ ನುಗ್ಗುತ್ತದೆ, ವಿಮಾನ ಮುಂದಕ್ಕೆ ಹೋಗುತ್ತದೆ. ಬಾಯಿ ಕಟ್ಟದ ಬಲೂನನ್ನು ಕೈಬಿಟ್ಟಾಗ ಆಗುವುದೂ ಇದೇ. ಮರದ ಮಾದರಿಗಳಲ್ಲಿ ಸಾಮಾನ್ಯವಾಗಿ ಉರಿಸುವ ಕೆಲಸವಿಲ್ಲ. ಒಡಲಿನೊಳಗೆ ಒಂದು ಕೊಳವೆ, ಅದರೊಳಗೆ ಅಂಗೈಯಗಲದ ಫ್ಯಾನು, ಅದಕ್ಕೊಂದು ವಿದ್ಯುತ್ ಮೋಟಾರು. ಫ್ಯಾನು ಚಿಕ್ಕದಾದ್ದರಿಂದ ಬಹಳ ಜೋರಾಗಿ ತಿರುಗಬೇಕು, ನಿಮಿಷಕ್ಕೆ ಸುಮಾರು 40,000 ಸುತ್ತು. ಅದಕ್ಕೇ ಆ ಕೀಚಲು ಸದ್ದು.

ಈಗ ಒಂದು ಲೆಕ್ಕ ಮಾಡಿ. ಬ್ಯಾಟರಿ 14.8 ವೋಲ್ಟಿನದು, ಮೋಟಾರು ಪೂರ್ತಿ ಬಲದಲ್ಲಿ 40 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 14.8ನ್ನು 40ರಿಂದ ಗುಣಿಸಿದರೆ 592 ವ್ಯಾಟ್. ಮನೆಯ ಮಿಕ್ಸಿಯಷ್ಟು ಶಕ್ತಿ! ಬ್ಯಾಟರಿಯಲ್ಲಿರುವುದು 2.2 ಆಂಪಿಯರ್-ಗಂಟೆ. 2.2ನ್ನು 40ರಿಂದ ಭಾಗಿಸಿ 60ರಿಂದ ಗುಣಿಸಿದರೆ 3.3 ನಿಮಿಷ. ವಾರಗಟ್ಟಲೆ ಕಟ್ಟಿದ ವಿಮಾನ ಒಂದು ಸಲಕ್ಕೆ ಪೂರ್ತಿ ಬಲದಲ್ಲಿ ಹಾರುವುದು ಮೂರು ನಿಮಿಷ! ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ಇಳಿಸಬೇಕಾದ್ದರಿಂದ ಇನ್ನೂ ಕಡಿಮೆಯೇ.

ನೆಲದ ಮೇಲಿರುವವರ ಕೈಯಲ್ಲಿ ಟ್ರಾನ್ಸ್‌ಮಿಟರ್ ಇರುತ್ತದೆ. ಅದರ ಕಡ್ಡಿಯನ್ನು ಸರಿಸಿದಂತೆ ರೇಡಿಯೊ ಸಂಕೇತ ಹೊರಡುತ್ತದೆ. ವಿಮಾನದಲ್ಲಿರುವ ರಿಸೀವರ್ ಅದನ್ನು ಹಿಡಿದು 'ಸರ್ವೊ' ಎಂಬ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೋಟಾರಿಗೆ ಒಂದು ವಿದ್ಯುತ್ ಮಿಡಿತ ಕಳಿಸುತ್ತದೆ. ಸೆಕೆಂಡಿಗೆ ಸುಮಾರು 50 ಮಿಡಿತಗಳು. ಮಿಡಿತ ಒಂದೂವರೆ ಮಿಲಿಸೆಕೆಂಡ್ ಇದ್ದರೆ ಸರ್ವೊದ ತೋಳು ನಡುವೆ ನಿಲ್ಲುತ್ತದೆ, ಒಂದು ಮಿಲಿಸೆಕೆಂಡ್ ಇದ್ದರೆ ಒಂದು ಬದಿಗೆ, ಎರಡಿದ್ದರೆ ಇನ್ನೊಂದು ಬದಿಗೆ. ಆ ತೋಳಿಗೆ ಕಟ್ಟಿದ ತಂತಿ ರೆಕ್ಕೆಯ ಅಥವಾ ಬಾಲದ ಪಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತದೆ.

ಮತ್ತೆ ಗಾಡಿಯ ಅಜ್ಜ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಹಂತ. ವಿಮಾನ ಹಾರುವ ಮೊದಲು ಅದರ ಗುರುತ್ವ ಕೇಂದ್ರ ಎಲ್ಲಿದೆ ಎಂದು ನೋಡಬೇಕು. ಎರಡೂ ರೆಕ್ಕೆಗಳ ಅಡಿಯಲ್ಲಿ ನಕ್ಷೆಯಲ್ಲಿ ತೋರಿಸಿದ ಜಾಗಕ್ಕೆ ಒಂದೊಂದು ಬೆರಳಿಟ್ಟು ಎತ್ತಿ. ವಿಮಾನ ಮಟ್ಟಸವಾಗಿ ನಿಂತರೆ ಸರಿ. ಬಾಲ ಕೆಳಗಾದರೆ ಹಿಂಭಾರ.

ಗಾಡಿಗೆ ಅಚ್ಚು ಹೇಗೋ, ವಿಮಾನಕ್ಕೆ ರೆಕ್ಕೆಯ ಎತ್ತುವ ಬಲ ಹಾಗೆ. ಗುರುತ್ವ ಕೇಂದ್ರ ಆ ಬಲಕ್ಕಿಂತ ಸ್ವಲ್ಪ ಮುಂದಿರಬೇಕು. ಯಾಕೆ? ಹಾರುತ್ತಿರುವಾಗ ಗಾಳಿ ಬೀಸಿ ಮೂಗು ಮೇಲೆದ್ದಿತು ಎನ್ನಿ. ರೆಕ್ಕೆಯ ಎತ್ತುವ ಬಲ ಹೆಚ್ಚುತ್ತದೆ. ಆ ಹೆಚ್ಚಿದ ಬಲ ಗುರುತ್ವ ಕೇಂದ್ರದ ಹಿಂದೆ ಬಿದ್ದರೆ ಅದು ಹಿಂಬದಿಯನ್ನು ಎತ್ತಿ ಮೂಗನ್ನು ಮತ್ತೆ ಕೆಳಗಿಳಿಸುತ್ತದೆ. ವಿಮಾನ ತಾನೇ ಸರಿಹೋಗುತ್ತದೆ. ಗುರುತ್ವ ಕೇಂದ್ರವೇ ಹಿಂದಿದ್ದರೆ? ಎದ್ದ ಮೂಗು ಇನ್ನೂ ಏಳುತ್ತದೆ, ಯಾವ ಸರ್ವೊ ಬಂದರೂ ಹಿಡಿಯಲಾಗದು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ಕಟ್ಟಿದ ಮೊದಲ ವಿಮಾನದ ತೂಕ 1000 ಗ್ರಾಂ, ಅದರಲ್ಲಿ ಬ್ಯಾಟರಿಯೇ 250 ಗ್ರಾಂ. ತಂದ ಬ್ಯಾಟರಿ ಮೂಗಿನ ಗೂಡಿಗೆ ಹಿಡಿಸಲಿಲ್ಲ. 'ಆರು ಸೆಂಟಿಮೀಟರ್ ಹಿಂದಿಟ್ಟರೆ ಏನು ಮಹಾ' ಎಂದು ಹಿಂದಿಟ್ಟೆ. 250ನ್ನು 6ರಿಂದ ಗುಣಿಸಿ 1000ದಿಂದ ಭಾಗಿಸಿ: ಇಡೀ ವಿಮಾನದ ಗುರುತ್ವ ಕೇಂದ್ರ ಒಂದೂವರೆ ಸೆಂಟಿಮೀಟರ್ ಹಿಂದೆ ಸರಿದಿತ್ತು. ಅಜ್ಜಂಪುರದ ಆಚೆಯ ಬಯಲಿನಲ್ಲಿ ಕೈಬಿಟ್ಟ ಕೂಡಲೇ ವಿಮಾನ ಮೂಗೆತ್ತಿ ನಿಂತು, ಬಾಲ ಕೆಳಗೆ ಮಾಡಿ, ಮಗುಚಿ ಬಿತ್ತು. ಐದು ಸೆಕೆಂಡೂ ಆಗಿರಲಿಲ್ಲ. ತುಂಡುಗಳನ್ನು ಆರಿಸಿಕೊಳ್ಳುತ್ತಿರುವಾಗ ಪಕ್ಕದ ಹೊಲದ ಹಿರಿಯರೊಬ್ಬರು ಬಂದು ನೋಡಿ, "ಹಿಂಭಾರ ಆಗಿತ್ತು ಕಣಪ್ಪ" ಎಂದರು. ಅವರು ವಿಮಾನ ಕಟ್ಟಿದವರಲ್ಲ, ಗಾಡಿ ಹೊಡೆದವರು!

ಬಾಲದ ಅಂಟಿನ ಗುಟ್ಟೂ ಇಲ್ಲೇ ಇದೆ. ಬಾಲ ಗುರುತ್ವ ಕೇಂದ್ರದಿಂದ ದೂರ, ಮೂಗು ಹತ್ತಿರ. ದೂರದ ಒಂದು ಗ್ರಾಮಿಗೆ ಹತ್ತಿರದ ಎರಡು ಮೂರು ಗ್ರಾಂ ಸಮ.

ಎಲ್ಲಿ ಹಾರಿಸುವುದು?

ತರೀಕೆರೆಯ ಅಡಿಕೆ ತೋಟಗಳ ನಡುವೆ ಖಂಡಿತ ಬೇಡ. ಅಡಿಕೆ ಮರದ ತುದಿಯಿಂದ ವಿಮಾನ ಇಳಿಸಲು ಕೊನೆಗಾರರನ್ನೇ ಕರೆಯಬೇಕಾದೀತು. ಕಡೂರಿನ ತೆಂಗಿನ ತೋಟಗಳಿಗೂ ಇದೇ ಮಾತು. ಅಜ್ಜಂಪುರದ ಸುತ್ತಮುತ್ತ ತೆರೆದ ಬಯಲುಂಟು, ಆದರೆ ಅಮೃತಮಹಲ್ ಕಾವಲುಗಳಲ್ಲಿ ದನಗಳು ಮೇಯುತ್ತಿರುತ್ತವೆ. ಆ ತಳಿ ಚುರುಕು, ಕೀಚಲು ಸದ್ದಿಗೆ ಬೆದರಿ ಓಡಿದರೆ ಹಿಡಿಯುವವರು ಯಾರು? ಜಾಗದ ಒಡೆಯರನ್ನು ಕೇಳಿ, ದನ ಜನ ಇಲ್ಲದ ಕಡೆ, ಗಾಳಿ ಕಡಿಮೆಯಿರುವ ಬೆಳಗಿನ ಹೊತ್ತು, ಗಾಳಿಗೆ ಎದುರಾಗಿ ಹಾರಿಸಬೇಕು. 2021ರ ಡ್ರೋನ್ ನಿಯಮಗಳು ಇಂಥ ಮಾದರಿಗಳಿಗೂ ಅನ್ವಯಿಸುತ್ತವೆ. ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು, ನಿಷೇಧಿತ ಪ್ರದೇಶವಾಗಿರಬಾರದು. ಈ ಬ್ಯಾಟರಿಗಳು ಜಜ್ಜಿದರೆ, ತಪ್ಪಾಗಿ ಚಾರ್ಜ್ ಮಾಡಿದರೆ ಹೊತ್ತಿ ಉರಿಯುತ್ತವೆ. ಫ್ಯಾನು ಬೆರಳು ಕತ್ತರಿಸಬಲ್ಲದು. ಆದ್ದರಿಂದ ಮೋಟಾರು, ಬ್ಯಾಟರಿಯ ಕೆಲಸಕ್ಕೆ ತಿಳಿದ ದೊಡ್ಡವರು ಜೊತೆಗೆ ಇರಲೇಬೇಕು.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿ.ಆರ್.ಡಿ.ಒ. ಸಂಸ್ಥೆಗೆ ವಿಮಾನ ಪರೀಕ್ಷಾ ಕೇಂದ್ರವಿದೆ. 2022ರ ಜುಲೈ 1ರಂದು ಅಲ್ಲಿಂದ ಬಾಲವೇ ಇಲ್ಲದ, ಬರೀ ರೆಕ್ಕೆಯಾಕಾರದ, ಪೈಲಟ್ ಇಲ್ಲದ ಚಿಕ್ಕ ಜೆಟ್ ವಿಮಾನವೊಂದು ತಾನಾಗಿಯೇ ಏರಿ, ಹಾರಿ, ಇಳಿಯಿತು. ಮುಂದೆ ಕಟ್ಟಲಿರುವ ವಿಮಾನಗಳಿಗೆ ಬೇಕಾದ ತಂತ್ರಜ್ಞಾನವನ್ನು ಮೊದಲು ಚಿಕ್ಕದರಲ್ಲಿ ಪರೀಕ್ಷಿಸಲೆಂದು ಅದನ್ನು ಕಟ್ಟಿದ್ದರು. 1959ರಲ್ಲಿ ಮರದ ಮಾರುತ ಮಾಡಿದ ಕೆಲಸವೂ ಇಂಥದೇ.

ಮಾಡಿ ನೋಡಿ

ಕಿಟ್ಟಿಗೆ ಸಾವಿರಾರು ರೂಪಾಯಿ ಬೇಕು. ಎಂಜಿನ್ ಇಲ್ಲದ ಮಾರುತಕ್ಕೆ ಏನೂ ಬೇಡ. ಸುಮಾರು 30 ಸೆಂ.ಮೀ. ಉದ್ದದ ನೇರವಾದ ಹಗುರ ಕಡ್ಡಿ ತೆಗೆದುಕೊಳ್ಳಿ. ತೆಂಗಿನ ಗರಿಯ ಕಡ್ಡಿ ಮೂರನ್ನು ಸೇರಿಸಿ ಕಟ್ಟಿದರೂ ಆದೀತು, ಅಡಿಕೆ ದಬ್ಬೆಯ ಸೀಳೂ ಆದೀತು. ಹಳೆಯ ಮದುವೆ ಕರೆಯೋಲೆಗಳಂಥ ರಟ್ಟಿನಿಂದ 26 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ರೆಕ್ಕೆ ಕತ್ತರಿಸಿ, ಚಿಕ್ಕದಿದ್ದರೆ ಎರಡನ್ನು ಜೋಡಿಸಿ. ನಡುವೆ ಮಡಿಸಿ ಎರಡೂ ತುದಿಗಳು ಮೂರು ಸೆಂ.ಮೀ. ಮೇಲಿರುವಂತೆ ಮಾಡಿ. ಅದರ ಮುಂದಿನ ಅಂಚು ಕಡ್ಡಿಯ ಮೂಗಿನಿಂದ 9 ಸೆಂ.ಮೀ. ದೂರದಲ್ಲಿರುವಂತೆ ಅಂಟಿಸಿ. ಕಡ್ಡಿಯ ಹಿಂತುದಿಗೆ 11 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಬಾಲ, ಅದರ ಮೇಲೆ ನೆಟ್ಟಗೆ ನಿಲ್ಲುವ ಚಿಕ್ಕ ಪಟ್ಟಿ. ಬಾಲದ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ.

ಈಗ ಕೆರೆಯ ಜೇಡಿಮಣ್ಣಿನಿಂದ ಕಡಲೆಕಾಳಿನ ಗಾತ್ರದ ಉಂಡೆಗಳನ್ನು ಮಾಡಿ. ಒಂದೊಂದಾಗಿ ಮೂಗಿಗೆ ಮೆತ್ತುತ್ತಾ ಹೋಗಿ. ರೆಕ್ಕೆಯ ಮುಂದಿನ ಅಂಚಿನಿಂದ 2 ಸೆಂ.ಮೀ. ಹಿಂದೆ ಬೆರಳಿಟ್ಟಾಗ ಮಟ್ಟಸವಾಗಿ ನಿಂತರೆ ನಿಲ್ಲಿಸಿ. ಗಾಳಿಯಿಲ್ಲದ ಹೊತ್ತಿನಲ್ಲಿ, ಶಾಲೆಯ ಅಂಗಳದಲ್ಲಿ, ನಿಂತು ಮಟ್ಟವಾಗಿ ಮೆಲ್ಲನೆ ನೂಕಿ. ಮೇಲಕ್ಕೆ ಎಸೆಯಬೇಡಿ. ಏರಿ ನಿಂತು ಮತ್ತೆ ಧುಮುಕುತ್ತಾ ಹೋದರೆ ಹಿಂಭಾರ, ಒಂದು ಉಂಡೆ ಸೇರಿಸಿ. ಸೀದಾ ನೆಲಕ್ಕೆ ಮೂಗು ಕುಕ್ಕಿದರೆ ಮುಂಭಾರ ಹೆಚ್ಚು, ಒಂದು ತೆಗೆಯಿರಿ.

ಪ್ರತಿ ಸಲವೂ ಉಂಡೆಗಳ ಸಂಖ್ಯೆ, ಹಾರಿದ ದೂರ ಎಷ್ಟು ಹೆಜ್ಜೆ ಎಂದು ಬರೆದಿಡಿ. ಒಂದೊಂದು ಸಂಖ್ಯೆಗೂ ಐದೈದು ಸಲ ಹಾರಿಸಿ ಸರಾಸರಿ ತೆಗೆಯಿರಿ, ಏಕೆಂದರೆ ಒಂದು ಸಲ ಕೈ ಹೆಚ್ಚು, ಒಂದು ಸಲ ಕಡಿಮೆ. ಎಷ್ಟು ಉಂಡೆಯಿದ್ದಾಗ ಅತಿ ದೂರ ಹೋಯಿತು? ಆಗ ಬೆರಳಿಟ್ಟು ನೋಡಿದರೆ ಗುರುತ್ವ ಕೇಂದ್ರ ಎಲ್ಲಿದೆ? ನಿಮ್ಮ ಗೆಳೆಯರ ವಿಮಾನಕ್ಕೂ ಅದೇ ಜಾಗ ಬಂದಿತೇ?